ಆಫೀಸು ಬಿಟ್ಟು ಬಂದು ಬಚ್ಚಿ (ದಣಿದು) ಬೀಳುವವರು ವ್ಯಾಯಾಮ ಯಾವಾಗ ಮಾಡುವುದು ಮಾರಾಯ್ರೆ?

ಕಿಟಕಿ ಸೀಟು | ಮೇ 11, ರಾತ್ರಿ 9:50

ನಮಸ್ಕಾರ ಎಲ್ಲರಿಗೂ. ನನಗೆ 42 ವರ್ಷ. ಮನೆ ಸುರತ್ಕಲ್. ಕೆಲಸ ಹಂಪನಕಟ್ಟೆಯ ಒಂದು ಆಫೀಸಿನಲ್ಲಿ, ಲೆಕ್ಕಪತ್ರ ನೋಡುವುದು. ಬೆಳಿಗ್ಗೆ 5:30ಕ್ಕೆ ಏಳುತ್ತೇನೆ. ತಿಂಡಿ ಆಗಬೇಕು, ಮೂರು ಜನರ ಬುತ್ತಿ ಕಟ್ಟಬೇಕು, ಅತ್ತೆಗೆ ಗಂಜಿ ಬೇಯಲಿಕ್ಕೆ ಇಡಬೇಕು. 8 ಗಂಟೆಗೆ ಬಸ್ಸು. ಸಂಜೆ 6ಕ್ಕೆ ಬಿಟ್ಟರೆ ಮನೆ ಮುಟ್ಟುವಾಗ 7:15. ಕೂಳೂರು ಸೇತುವೆಯಲ್ಲಿ ಬ್ಲಾಕ್ ಆದರೆ ಎಂಟು ಅಂತ ಇಟ್ಟುಕೊಳ್ಳಿ.

ಏಪ್ರಿಲ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 112 ಬಂತು. "ಗಡಿಯಲ್ಲಿ ಉಂಟು, ಮಾತ್ರೆ ಈಗ ಬೇಡ, ದಿನಾ ನಡೆಯಿರಿ" ಅಂದರು ಡಾಕ್ಟರು. ಯಾವಾಗ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜಿಮ್ ಅನ್ನಬೇಡಿ. ಹೋದ ವರ್ಷ ಆರು ತಿಂಗಳ ಫೀಸು ಒಟ್ಟಿಗೆ ಕಟ್ಟಿ ಹೋದದ್ದು 11 ದಿನ. ದಿನಕ್ಕೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕುವುದು ನನ್ನ ಕಸುಬೇ. ಆದರೂ ಹಾಕಲಿಲ್ಲ.

ನಿನ್ನೆಯ ಕತೆ ಹೇಳುತ್ತೇನೆ. ಬಸ್ಸಿಳಿದು ಮನೆಗೆ ಬಂದು, ಚಪ್ಪಲಿ ಬಿಚ್ಚಿ, ಜಗಲಿಯ ದಂಡೆಯಲ್ಲಿ ಕೂತೆ. ಸುಮ್ನೆ ಒಂದು ನಿಮಿಷ ಅಂತ ಕೂತದ್ದು. ಎದ್ದದ್ದು ಇಪ್ಪತ್ತು ನಿಮಿಷ ಕಳೆದು. ಬುತ್ತಿಯ ಚೀಲ ಮಡಿಲಲ್ಲೇ ಇತ್ತು. ಮಗ ಬಂದು "ಅಮ್ಮ, ಹುಷಾರಿಲ್ವಾ?" ಅಂತ ಕೇಳಿದ.

ಇಡೀ ದಿನ ಕುರ್ಚಿಯಲ್ಲಿ ಕೂತೇ ಇರುತ್ತೇನೆ. ಬಸ್ಸಲ್ಲೂ ಕೂತೇ ಬರುತ್ತೇನೆ. ಮತ್ತೆ ಇಷ್ಟು ಬಚ್ಚುವುದು ಎಂತಕ್ಕೆ? ಈ ಬಚ್ಚಿದ ಮೈಯಲ್ಲಿ ವ್ಯಾಯಾಮ ಎಲ್ಲಿಗೆ ತುರುಕಿಸುವುದು? ನಿಮ್ಮಲ್ಲಿ ಯಾರಾದರೂ ಮಾಡುತ್ತಿದ್ದರೆ ಹೇಳಿ.

ಬೆಳಗಿನ ಕದ್ರಿ | ಮೇ 11, ರಾತ್ರಿ 10:15

ಎಲ್ಲ ಮನಸ್ಸಿನಲ್ಲಿ ಇರುವುದು ಅಕ್ಕ. ನಾನು ದಿನಾ 4:45ಕ್ಕೆ ಏಳುತ್ತೇನೆ. ಕದ್ರಿ ಪಾರ್ಕಿನಲ್ಲಿ ಒಂದು ಗಂಟೆ ನಡಿಗೆ, ಆಮೇಲೆ 24 ಸೂರ್ಯ ನಮಸ್ಕಾರ. ಏಳು ಗಂಟೆಗೆ ಮನೆಗೆ ಬಂದು ಸ್ನಾನ, ತಿಂಡಿ, ಆಫೀಸು. ನಾಲ್ಕು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ಬೇಗ ಮಲಗಿ, ಬೇಗ ಏಳಿ. ಸಮಯ ಇಲ್ಲ ಅನ್ನುವುದು ನೆವ ಅಷ್ಟೇ.

ನೀರುದೋಸೆ | ಮೇ 11, ರಾತ್ರಿ 10:22

ಅಣ್ಣಾ, ಒಂದು ಸಣ್ಣ ಪ್ರಶ್ನೆ. ಏಳು ಗಂಟೆಗೆ ನೀವು ಬರುವಾಗ ತಿಂಡಿ ಮೇಜಿನ ಮೇಲೆ ಇರುತ್ತದಲ್ವಾ? ಯಾರು ಮಾಡಿದ್ದು?

ಬೆಳಗಿನ ಕದ್ರಿ | ಮೇ 11, ರಾತ್ರಿ 10:31

ಅಮ್ಮ.

ಗೋಳಿಬಜೆ | ಮೇ 11, ರಾತ್ರಿ 10:32

ಮುಗಿಯಿತು ಕತೆ.

ನೀರುದೋಸೆ | ಮೇ 11, ರಾತ್ರಿ 10:40

ಜಗಳಕ್ಕೆ ಕೇಳಿದ್ದಲ್ಲ ಅಣ್ಣ. ಆದರೆ 5:30ಕ್ಕೆ ಏಳುವವರಿಗೆ 4:30ಕ್ಕೆ ಏಳಿ ಅಂದರೆ ಅವರು ನಿದ್ದೆಯಿಂದಲೇ ಕಡಿಯಬೇಕು. ರಾತ್ರಿ ಪಾತ್ರೆ ತೊಳೆದು ಮಲಗುವಾಗ ಹನ್ನೊಂದು. ಐದೂವರೆ ಗಂಟೆ ನಿದ್ದೆ ಮಾಡಿ ಕದ್ರಿ ಗುಡ್ಡೆ ಹತ್ತಿದರೆ ಶುಗರ್ ಇಳಿಯುವುದು ಹೌದೋ ಅಲ್ಲವೋ, ಮನೆಯವರ ಮೇಲೆ ಸಿಟ್ಟು ಮಾತ್ರ ಏರುತ್ತದೆ. ನಾನು ಮಾಡಿ ನೋಡಿದವಳು. ಎರಡನೇ ವಾರ ದೋಸೆ ಕಾವಲಿ ಎತ್ತಿ ಕುಕ್ಕಿದ್ದೆ.

ಕಿಟಕಿ ಸೀಟು, ನಿಮ್ಮ ಮನೆಯಲ್ಲಿ ಬುತ್ತಿ ಕಟ್ಟಲಿಕ್ಕೆ ಇನ್ನೊಂದು ಜೊತೆ ಕೈ ಇಲ್ವಾ? ಮೊದಲು ಅದು ನೋಡಿ. ವ್ಯಾಯಾಮದ ವಿಷಯ ಅದರ ಮೇಲೆ.

ಹಳೇ ಕಂಡಕ್ಟರ್ | ಮೇ 12, ಬೆಳಿಗ್ಗೆ 6:50

ಅಕ್ಕನವರೇ, ನಾನು ಮಂಗಳೂರು ಸಿಟಿ ಬಸ್ಸಲ್ಲಿ 19 ವರ್ಷ ಕಂಡಕ್ಟರ್ ಆಗಿ ದುಡಿದವನು. ಈಗ ನಾಲ್ಕು ವರ್ಷದಿಂದ ಭಾವನ ಅಂಗಡಿಯ ಗಲ್ಲಾದಲ್ಲಿ ಕೂತಿದ್ದೇನೆ. ಬಸ್ಸಲ್ಲಿ ಇದ್ದಾಗ ಎರಡು ಬಾಗಿಲ ನಡುವೆ ದಿನಕ್ಕೆ ಎಷ್ಟು ಸಲ ಓಡಾಡಿದ್ದೇನೋ ದೇವರಿಗೇ ಗೊತ್ತು. "ದುಂಬು ಪೋಲೆ, ದುಂಬು ಪೋಲೆ" (ಮುಂದೆ ಹೋಗಿ) ಅಂತ ಬೊಬ್ಬೆ ಹಾಕುತ್ತಾ, ಇಳಿದು ಹತ್ತುತ್ತಾ. ರಾತ್ರಿ ಕಾಲು ನೋಯುತ್ತಿತ್ತು. ಆದರೆ ಈಗ ಗಲ್ಲಾದಲ್ಲಿ ಕೂತು ಬಚ್ಚುತ್ತದಲ್ಲ, ಆ ನಮೂನೆಯ ಬಚ್ಚಾಟ ಆಗ ಇರಲಿಲ್ಲ. ಹೊಟ್ಟೆಯೂ ಇರಲಿಲ್ಲ.

ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳು ಒಂದು ಕತೆ ಹೇಳಿದಳು. 1953ರಲ್ಲಿ ಲಂಡನ್ನಿನಲ್ಲಿ ಜೆರ್ರಿ ಮೋರಿಸ್ ಅನ್ನುವ ಡಾಕ್ಟರು ಮತ್ತು ಅವರ ಜೊತೆಯವರು ಅಲ್ಲಿನ ಡಬ್ಬಲ್ ಡೆಕ್ಕರ್ ಬಸ್ಸಿನ ಡ್ರೈವರು ಕಂಡಕ್ಟರುಗಳ ಲೆಕ್ಕ ತೆಗೆದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದ್ದರಂತೆ. ಒಂದೇ ಬಸ್ಸು, ಒಂದೇ ರಸ್ತೆ. ಕೂತು ಓಡಿಸುವ ಡ್ರೈವರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರಿಗೆ ಹೃದಯದ ಕಾಯಿಲೆ ಕಡಿಮೆ. ಕೇಳಿ ನನಗೆ ಭಾರಿ ಖುಷಿ ಆಯಿತು. 19 ವರ್ಷ ಜನ ಬೈದದ್ದು ಬಿಟ್ಟರೆ ನಮ್ಮ ಕೆಲಸಕ್ಕೆ ಸಿಕ್ಕಿದ ಒಂದೇ ಒಂದು ಒಳ್ಳೆ ಮಾತು ಅದು.

ಈಗ ನಿಮ್ಮ ವಿಷಯ. ಬೆಳಿಗ್ಗೆ ಲಾಲ್‌ಬಾಗ್ ಕಳೆದ ಮೇಲೆ ಬಸ್ಸು ತೆವಳುವುದು ನಿಮಗೇ ಗೊತ್ತು. ಪಿವಿಎಸ್‌ನಲ್ಲಿ ಇಳಿದು ಬಿಡಿ. ನವಭಾರತ ಸರ್ಕಲ್ ದಾಟಿ ಕೆ.ಎಸ್. ರಾವ್ ರಸ್ತೆ ಹಿಡಿದರೆ ಹಂಪನಕಟ್ಟೆಗೆ ಹದಿನೈದು ನಿಮಿಷದೊಳಗೆ. ಬಸ್ಸೂ ಹೆಚ್ಚು ಕಡಿಮೆ ಅಷ್ಟೇ ಹೊತ್ತಿಗೆ ಮುಟ್ಟುತ್ತದೆ. ಒಂದು ತಿಂಗಳು ಕಳೆದು ಲಾಲ್‌ಬಾಗ್‌ನಲ್ಲೇ ಇಳಿಯಿರಿ, ಸುಮಾರು ಎರಡು ಕಿಲೋಮೀಟರ್ ಆಯಿತು.

ಸಂಜೆ ಈ ಆಟ ಬೇಡ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಲ್ಲಿ ಹತ್ತಿದರೆ ಮಾತ್ರ ಸುರತ್ಕಲ್‌ವರೆಗೆ ಸೀಟು. ಪಿವಿಎಸ್‌ಗೆ ಬರುವಾಗ ಫುಟ್‌ಬೋರ್ಡಲ್ಲೂ ಜಾಗ ಇರುವುದಿಲ್ಲ. ಸೀಟು ಬಿಡಬೇಡಿ.

ಗೋಳಿಬಜೆ | ಮೇ 12, ಬೆಳಿಗ್ಗೆ 9:05

ನಾನು ಆದಿತ್ಯವಾರ ಮಾತ್ರ ಆಡುವವ. ಅಂಡರ್‌ಆರ್ಮ್ ಕ್ರಿಕೆಟ್, ಬಿಜೈ ಕಡೆ ಒಂದು ಮೈದಾನ. ವಾರದ ಆರು ದಿನ ಕಂಪ್ಯೂಟರ್ ಮುಂದೆ, ಏಳನೇ ದಿನ ಹೀರೋ. ಹೋದ ಡಿಸೆಂಬರಲ್ಲಿ ಎರಡನೇ ರನ್ನಿಗೆ ತಿರುಗುವಾಗ ಪಾದ ಮಡಚಿತು. ಆರು ವಾರ ಪಟ್ಟಿ. ಅದರ ನಂತರ ಮ್ಯಾಚಿಗೆ ಹೋಗಿ ಸ್ಕೋರು ಬರೆಯುತ್ತೇನೆ, ಗೋಳಿಬಜೆ ತಿನ್ನುತ್ತೇನೆ. ಹಾಗಾಗಿ ಈ ಹೆಸರು.

ಫಿಸಿಯೋ ಪರ್ಕಳ | ಮೇ 12, ಮಧ್ಯಾಹ್ನ 2:10

ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಉದ್ದ ಆದರೆ ಕ್ಷಮಿಸಿ.

ಕಿಟಕಿ ಸೀಟು ಕೇಳಿದ ಮೊದಲ ಪ್ರಶ್ನೆಯೇ ದೊಡ್ಡದು. ಕೂತೇ ಇದ್ದರೂ ಬಚ್ಚುವುದು ಎಂತಕ್ಕೆ? ಎಂಟು ಗಂಟೆ ಅಂಕಿ ನೋಡಿದ ತಲೆ, ಬಸ್ಸಿನ ಸೆಕೆ, ಸರಿಯಾಗಿ ನೀರು ಕುಡಿಯದ್ದು, ಕಡಿಮೆ ನಿದ್ದೆ ಎಲ್ಲ ಸೇರಿ ಆಗುವ ದಣಿವು ಅದು. ಕಾಲಿನ ಸ್ನಾಯು ಕೆಲಸ ಮಾಡಿ ದಣಿದದ್ದಲ್ಲ. ಆದರೆ ಜಗಲಿಯಲ್ಲಿ ಕೂತವರಿಗೆ ಎರಡೂ ಒಂದೇ ಥರ ಅನ್ನಿಸುತ್ತದೆ. 2008ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿದ್ದಾರೆ. ಯಾವಾಗಲೂ ದಣಿವು ಅನ್ನುವ, ವ್ಯಾಯಾಮದ ಅಭ್ಯಾಸ ಇಲ್ಲದ 36 ಜನ. ವಾರಕ್ಕೆ ಮೂರು ಸಲ, 20 ನಿಮಿಷ, ಆರು ವಾರ ಸೈಕಲ್ ತುಳಿಸಿದರು. ಕೆಲವರು ಸ್ವಲ್ಪ ಜೋರು, ಕೆಲವರು ಆರಾಮಾಗಿ, ಕೆಲವರು ತುಳಿಯಲೇ ಇಲ್ಲ. ದಣಿವು ಎಲ್ಲರಿಗಿಂತ ಜಾಸ್ತಿ ಇಳಿದದ್ದು ಆರಾಮಾಗಿ ತುಳಿದವರಿಗೆ. ಸಣ್ಣ ಅಧ್ಯಯನ, ಅದರ ಮೇಲೆ ಮಹಲು ಕಟ್ಟಬಾರದು. ಆದರೆ ನನ್ನಲ್ಲಿ ಬರುವವರಲ್ಲಿ ಕಾಣುವುದೂ ಇದನ್ನೇ. ಜೋರಾಗಿ ಶುರು ಮಾಡಿದವರು ಮೂರನೇ ವಾರಕ್ಕೆ ಕಾಣೆ.

ಲೆಕ್ಕದವರಿಗೆ ಲೆಕ್ಕವೇ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಚಟುವಟಿಕೆ. ಅದರ ಜೊತೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಮಧ್ಯಮ ಅಂದರೆ, ನಡೆಯುವಾಗ ಪಕ್ಕದವರ ಹತ್ತಿರ ಮಾತಾಡಬಹುದು, ಆದರೆ ಹಾಡು ಹೇಳಲಿಕ್ಕೆ ಆಗಬಾರದು. ಹಿಂದೆ ಒಂದು ನಿಯಮ ಇತ್ತು, ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಆದರೆ ಮಾತ್ರ ಲೆಕ್ಕಕ್ಕೆ ಅಂತ. 2020ರಲ್ಲಿ ಅದನ್ನು ತೆಗೆದು ಹಾಕಿದರು. ಈಗ ಮೂರು ನಿಮಿಷ ಮೆಟ್ಟಿಲು ಹತ್ತಿದರೂ ಜಮೆ. ಕಂಡಕ್ಟರಣ್ಣ ಹೇಳಿದ ಹದಿನೈದು ನಿಮಿಷ ವಾರಕ್ಕೆ ಐದು ದಿನ ಅಂದರೆ 75. ಅರ್ಧ ಅಲ್ಲೇ ಆಯಿತು.

ಉಳಿದದ್ದರಲ್ಲಿ ರಾತ್ರಿ ಊಟದ ಮೇಲೆ ಹತ್ತು ನಿಮಿಷ ನಡೆಯಿರಿ. ಶುಗರ್ ಗಡಿಯಲ್ಲಿ ಇರುವವರಿಗೆ ಊಟದ ಬೆನ್ನಿಗೆ ನಡೆಯುವುದು ಒಳ್ಳೆಯದು. ಕಾಲಿನ ಸ್ನಾಯು ಕೆಲಸ ಮಾಡುವಾಗ ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಊಟದ ನಂತರದ ಏರು ತಗ್ಗುತ್ತದೆ.

ಇನ್ನೊಂದು: ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನ ಕೂರುವುದು. ಹತ್ತು ಸಲ. ಸ್ವಲ್ಪ ಬಿಟ್ಟು ಇನ್ನೊಮ್ಮೆ ಹತ್ತು. ಇದಕ್ಕೆ ಬಟ್ಟೆ ಬದಲಿಸಬೇಕಾಗಿಲ್ಲ, ಫೀಸು ಇಲ್ಲ. ಮಂಡಿ ನೋವು ಇದ್ದರೆ ಎತ್ತರದ ಕುರ್ಚಿ. ಎದೆ ಹಿಡಿದ ಹಾಗೆ, ತಲೆ ತಿರುಗಿದ ಹಾಗೆ ಆದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಬಂದರು | ಮೇ 12, ಸಂಜೆ 4:30

ಮಲ್ಪೆ ಬಂದರಿನಲ್ಲಿ ಐಸ್ ಪೆಟ್ಟಿಗೆ ಹೊರುವುದು ನನ್ನ ಕೆಲಸ. ಬೆಳಿಗ್ಗೆ ಮೂರಕ್ಕೆ ಶುರು. ನಿಮ್ಮ ಈ 150 ನಿಮಿಷ ನಮಗೆ ಬೆಳಿಗ್ಗೆ ಆರರೊಳಗೆ ಮುಗಿಯುತ್ತದೆ. ಓದಿ ನಗು ಬಂತು, ಬೇಸರ ಮಾಡಬೇಡಿ.

ಫಿಸಿಯೋ ಪರ್ಕಳ | ಮೇ 12, ರಾತ್ರಿ 8:00

ನಗುವಂಥದ್ದೇ ಅಣ್ಣ. ಆದರೆ ನಿಮ್ಮ ಸೊಂಟ ಹೇಗಿದೆ?

ಬಂದರು | ಮೇ 12, ರಾತ್ರಿ 8:20

ಎಡಗಡೆ ಎರಡು ವರ್ಷದಿಂದ ಹಿಡಿದುಕೊಂಡಿದೆ. ಜೂನ್ ಒಂದಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟು ಬಂದ್. 61 ದಿನ ರಜೆ ಅಲ್ವಾ, ಆಗ ಸರಿ ಆಗುತ್ತದೆ. ಆಗಸ್ಟಲ್ಲಿ ಪುನಃ ಶುರು.

ಫಿಸಿಯೋ ಪರ್ಕಳ | ಮೇ 12, ರಾತ್ರಿ 8:35

ಅದೇ. ಹೊರೆ ಹೊರುವುದು ಒಂದೇ ಬದಿ, ಒಂದೇ ನಮೂನೆ, ವಿಶ್ರಾಂತಿ ಇಲ್ಲ. ಮೈ ಕೆಲಸವೆಲ್ಲ ಮೈಗೆ ಒಳ್ಳೆಯದು ಅಂತ ಹೇಳಲಿಕ್ಕೆ ಬರುವುದಿಲ್ಲ. ಆ ಎರಡು ತಿಂಗಳಲ್ಲಿ ಸುಮ್ನೆ ಮಲಗಬೇಡಿ, ಸೊಂಟಕ್ಕೆ ಬೆನ್ನಿಗೆ ಬಲ ಬರುವ ನಾಲ್ಕು ವ್ಯಾಯಾಮ ಕಲಿತುಕೊಳ್ಳಿ. ಹತ್ತಿರದ ಫಿಸಿಯೋ ಒಬ್ಬರಿಗೆ ಒಮ್ಮೆ ತೋರಿಸಿ.

ಅರೆಯುವ ಕಲ್ಲು | ಮೇ 13, ಬೆಳಿಗ್ಗೆ 11:15

ಈ ಚರ್ಚೆ ಬಂದಾಗೆಲ್ಲ ಯಾರಾದರೂ ಒಬ್ಬರು "ಹಿಂದಿನ ಹೆಂಗಸರಿಗೆ ವ್ಯಾಯಾಮವೇ ಬೇಡವಾಗಿತ್ತು" ಅಂತ ಹೇಳುತ್ತಾರೆ. ಇನ್ನೂ ಯಾರೂ ಹೇಳಿಲ್ಲ, ಹೇಳುವ ಮೊದಲು ನಾನೇ ಬರೆಯುತ್ತೇನೆ. ನನಗೆ 63. ಕಾಪುವಿನ ಒಳಗೆ ನಮ್ಮ ಮನೆ. ಮದುವೆಯಾಗಿ ಬಂದಾಗ ಬಾವಿಯಿಂದ ದಿನಕ್ಕೆ ಮೂವತ್ತು ಕೊಡಪಾನ ಸೇದುತ್ತಿದ್ದೆ. ದೋಸೆಗೆ, ಸಾರಿಗೆ ಎಲ್ಲ ಕಲ್ಲಿನಲ್ಲೇ ಅರೆಯುವುದು. ಕೂತರೆ ಬೀಡಿ ಕಟ್ಟುವುದು. ತಡ್ಪೆ (ಮೊರ) ಮಡಿಲಲ್ಲಿ ಇಟ್ಟುಕೊಂಡು ರಾತ್ರಿ ಹತ್ತರವರೆಗೆ. ಗಟ್ಟಿ ಇದ್ದೆವಾ? ತೋಳು ಗಟ್ಟಿ ಇತ್ತು, ಹೌದು. ಆದರೆ ಕುತ್ತಿಗೆ, ಬೆನ್ನು, ಮಂಡಿ ನಲವತ್ತಕ್ಕೇ ಹೋಯಿತು. ನನ್ನ ಅತ್ತೆ ಕೊನೆಗೆ ಬಾಗಿಯೇ ನಡೆಯುತ್ತಿದ್ದರು.

ಮಿಕ್ಸಿ, ಪಂಪು ಬಂದದ್ದು ಒಳ್ಳೆಯದೇ. ಅದು ಉಳಿಸಿದ ಹೊತ್ತು ಎಲ್ಲಿ ಹೋಯಿತು ಅಂತ ಮಾತ್ರ ನನಗೂ ಗೊತ್ತಾಗಲಿಲ್ಲ.

ನೈಟ್ ಡ್ಯೂಟಿ | ಮೇ 13, ಮಧ್ಯಾಹ್ನ 3:40

ಮಣಿಪಾಲದಲ್ಲಿ ನರ್ಸ್. ಈಗಷ್ಟೇ ಎದ್ದೆ. ವಾರ್ಡಲ್ಲಿ ಒಂದು ರಾತ್ರಿಗೆ ಫೋನು ಹನ್ನೊಂದು ಸಾವಿರ ಹೆಜ್ಜೆ ತೋರಿಸಿದ್ದು ಉಂಟು. ಹತ್ತು ಸಾವಿರ ದಾಟಿತು ಅಂತ ಪಟಾಕಿ ಹೊಡೆಯುತ್ತದೆ ಆ ಆ್ಯಪ್. ಅಷ್ಟಾದರೂ ಮೆಟ್ಟಿಲು ಹತ್ತಿದರೆ ಏದುಸಿರು. ವಾರ್ಡಿನ ನಡಿಗೆ ಹತ್ತು ಹೆಜ್ಜೆ ಹೋಗಿ ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ.

ಆ ಹತ್ತು ಸಾವಿರದ ಕತೆ ಗೊತ್ತುಂಟಾ? 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರೇ "ಮಾನ್‌ಪೊ ಕೇ", ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಹೆಸರಲ್ಲಿ ಇದ್ದ ಸಂಖ್ಯೆ ಎಲ್ಲರ ತಲೆಯಲ್ಲಿ ಕೂತಿತು. ಹಾಗಾಗಿ 6,000 ಆದರೆ ಅಳಬೇಡಿ.

ನನ್ನ ನಿಯಮ ಒಂದೇ: ನೈಟ್ ಮುಗಿಸಿ ಬಂದ ಬೆಳಿಗ್ಗೆ ಏನೂ ಮಾಡುವುದಿಲ್ಲ. ಮೊದಲು ಮಾಡುತ್ತಿದ್ದೆ, ಸ್ಕೂಟರಲ್ಲಿ ತೂಕಡಿಸಿ ಡಿವೈಡರ್ ಹತ್ತಿರ ಹೋಗಿದ್ದೆ. ಈಗ ವಾರದ ರಜೆ ದಿನ ಮಣ್ಣಪಳ್ಳ ಕೆರೆ ಸುತ್ತ ನಡೆಯುತ್ತೇನೆ, ಗೆಳತಿ ಜೊತೆ. ಮಾತಾಡುತ್ತಾ ಹೋದರೆ ಎಷ್ಟು ಸುತ್ತು ಆಯಿತು ಅಂತ ಮರೆಯುತ್ತದೆ. ಆ ದಿನಕ್ಕೆ ಕಾಯುತ್ತೇನೆ, ಅಷ್ಟು ಹೇಳಬಲ್ಲೆ.

ಗೋಳಿಬಜೆ | ಮೇ 13, ಸಂಜೆ 5:15

ವಾರಕ್ಕೆ ಒಂದೇ ದಿನ ಮಾಡಿದರೆ ಉಪಯೋಗ ಉಂಟಾ ಇಲ್ವಾ? ನನ್ನ ಕ್ರಿಕೆಟ್ಟಿನ ಮರ್ಯಾದೆಯ ಪ್ರಶ್ನೆ.

ಫಿಸಿಯೋ ಪರ್ಕಳ | ಮೇ 13, ರಾತ್ರಿ 9:00

ಉಂಟು. 2017ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡಿನ ಸುಮಾರು 63,000 ಜನರ ಲೆಕ್ಕ ನೋಡಿದ ಒಂದು ಅಧ್ಯಯನದಲ್ಲಿ, ವಾರದ ವ್ಯಾಯಾಮವನ್ನೆಲ್ಲ ಒಂದೆರಡು ದಿನದಲ್ಲಿ ಮುಗಿಸುವವರಲ್ಲೂ ಸಾವಿನ ಅಪಾಯ ಏನೂ ಮಾಡದವರಿಗಿಂತ ಕಡಿಮೆ ಇತ್ತು. ಆದರೆ ಆರು ದಿನ ಕೂತ ಪಾದ ಏಳನೇ ದಿನ ಗಕ್ಕನೆ ತಿರುಗಿದರೆ ಮಡಚುವುದೇ. ವಾರದ ಮಧ್ಯೆ ಹಲ್ಲುಜ್ಜುವಾಗ ಒಂದೊಂದೇ ಕಾಲಲ್ಲಿ ನಿಲ್ಲಿ, ಹಿಮ್ಮಡಿ ಎತ್ತಿ ಇಳಿಸಿ. ಸ್ಕೋರು ಬರೆದದ್ದು ಸಾಕು.

ಅಜ್ಜರಕಾಡು | ಮೇ 14, ಬೆಳಿಗ್ಗೆ 7:30

ನಿವೃತ್ತ ಮಾಷ್ಟ್ರು ನಾನು. ಬೆಳಿಗ್ಗೆ ಅಜ್ಜರಕಾಡು ಸ್ಟೇಡಿಯಮ್ಮಿಗೆ ಹೋಗುತ್ತೇನೆ, ಸಂಜೆ ರಥಬೀದಿಯಲ್ಲಿ ಮೂರು ಸುತ್ತು. ಕೆಲಸದಲ್ಲಿ ಇದ್ದಾಗ ಇದರಲ್ಲಿ ಒಂದೂ ಮಾಡಿಲ್ಲ. ನಿಮ್ಮ ಹಾಗೆಯೇ ಬಂದು ಆರಾಮ ಕುರ್ಚಿಗೆ ಬೀಳುತ್ತಿದ್ದೆ. 58ರಲ್ಲಿ ಎದೆಗೆ ಸ್ಟೆಂಟ್ ಹಾಕಿದರು. ಅದರ ಮೇಲೆ ಸಮಯ ಸಿಕ್ಕಿತು.

ತಂಗಿ, 112ಕ್ಕೇ ಕೇಳುತ್ತಿದ್ದೀರಿ ಅಲ್ವಾ, ಜಾಣತನ. ಕತ್ತಲೆಯಲ್ಲಿ ನಡೆಯುವುದಾದರೆ ನಾಯಿಯ ಬಗ್ಗೆ ಎಚ್ಚರ. ಕೈಯಲ್ಲಿ ಒಂದು ಕೊಡೆ ಇರಲಿ. ಬಿಸಿಲು ಮಳೆ ನಾಯಿ ಮೂರಕ್ಕೂ ಆಗುತ್ತದೆ.

ತೆಂಕುತಿಟ್ಟು | ಮೇ 14, ರಾತ್ರಿ 10:00

ನಾನು ಬ್ಯಾಂಕಿನಲ್ಲಿ. ಎರಡನೇ ನಾಲ್ಕನೇ ಶನಿವಾರ ರಜೆ. ವಾಕಿಂಗ್ ನನಗೆ ಆಗಿ ಬರುವುದಿಲ್ಲ, ಬೋರು. 38ನೇ ವಯಸ್ಸಿನಲ್ಲಿ ಯಕ್ಷಗಾನ ಹೆಜ್ಜೆ ಕಲಿಯಲಿಕ್ಕೆ ಸೇರಿದೆ. ಕ್ಲಾಸಲ್ಲಿ ನನ್ನ ಬಿಟ್ಟರೆ ಎಲ್ಲ ಹೈಸ್ಕೂಲ್ ಮಕ್ಕಳು. ಒಂದು ಗಂಟೆ ಕುಣಿದರೆ ಬನಿಯನ್ ಹಿಂಡಬಹುದು. ಹಾರಿ ಸುತ್ತುವ ದಿಗಿಣ ಹಾಕಲಿಕ್ಕೆ ಹೋಗಿ ಮೊದಲ ತಿಂಗಳು ಗೋಡೆ ಹಿಡಿದು ನಡೆದೆ, ಈಗ ಗುರುಗಳೇ "ನೀವು ಹಾರುವುದು ಬೇಡ" ಅಂದಿದ್ದಾರೆ. ಆದರೆ ಚೆಂಡೆ ಬಿದ್ದ ಕೂಡಲೇ ದಣಿವು ಎಲ್ಲಿ ಓಡಿತೋ ಗೊತ್ತಾಗುವುದಿಲ್ಲ. ಗಡಿಯಾರ ನೋಡದೆ ಮಾಡುವುದು ಅದೊಂದನ್ನೇ.

ಕಿಟಕಿ ಸೀಟು | ಮೇ 15, ರಾತ್ರಿ 9:40

ಇಷ್ಟು ಜನ ಬರೆಯುತ್ತೀರಿ ಅಂತ ಎಣಿಸಿರಲಿಲ್ಲ. ಬುತ್ತಿಯ ಮಾತು ಮನೆಯಲ್ಲಿ ಎತ್ತಿದೆ. ಇವರು "ನನಗೆ ಪಲ್ಯ ಬರುವುದಿಲ್ಲ" ಅಂದರು. ಮಗ "ಯೂಟ್ಯೂಬ್ ಉಂಟಲ್ಲ ಅಪ್ಪ" ಅಂದ. ಸೋಮವಾರದಿಂದ ನೋಡುವ. ಪಿವಿಎಸ್‌ನಲ್ಲಿ ನಾಳೆಯೇ ಇಳಿಯುತ್ತೇನೆ.

ಕಿಟಕಿ ಸೀಟು | ಜೂನ್ 21, ರಾತ್ರಿ 10:10

ಒಂದು ತಿಂಗಳ ವರದಿ. ಕೆಲವರು ಕೇಳಿದಿರಿ, ಹಾಗಾಗಿ.

ಮೊದಲ ದಿನ ಪಿವಿಎಸ್‌ನಿಂದ ನಡೆದು ಆಫೀಸು ಮುಟ್ಟುವಾಗ ಬೆನ್ನು ಪೂರ್ತಿ ಒದ್ದೆ. ಮೇ ತಿಂಗಳ ಸೆಕೆ ನಿಮಗೆ ಹೇಳಬೇಕಾಗಿಲ್ಲ, ಬೆಳಿಗ್ಗೆ 8:45ಕ್ಕೇ ಮೈಮೇಲೆ ಬಿಸಿನೀರು ಹೊಯ್ದ ಹಾಗೆ. ಎ.ಸಿ. ಕೆಳಗೆ ಕೂತು ಸೀನಿದೆ. ಮಾರನೇ ದಿನ ಮೇಜಿನ ಕೆಳಗಿನ ಡ್ರಾಯರಲ್ಲಿ ಹಳೇ ಫೈಲು ತೆಗೆದು ಒಂದು ತೆಳು ಬೈರಾಸು (ಟವೆಲು), ಒಂದು ಟಾಪು, ಪೌಡರ್ ಡಬ್ಬಿ ಇಟ್ಟೆ. ಹೋಗಿ ಮುಖ ತೊಳೆದು, ಬಟ್ಟೆ ಬದಲಿಸಿ ಕೂರುವುದು. ಅಷ್ಟು ಆದ ಮೇಲೆಯೇ ಇದು ನಿಂತದ್ದು. ಯಾರೂ ಇದನ್ನು ಹೇಳಿರಲಿಲ್ಲ ನೋಡಿ! ನಡೆಯುವುದು ಹದಿನೈದು ನಿಮಿಷ, ಬೆವರು ಆರುವುದು ಹತ್ತು ನಿಮಿಷ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈಗ 7:50ರ ಬಸ್ಸು.

ಫುಟ್‌ಪಾತ್ ಬಗ್ಗೆ ಬರೆದರೆ ಬೇರೆಯೇ ಚರ್ಚೆ ಆಗುತ್ತದೆ. ಎಲ್ಲಿ ಚಪ್ಪಡಿ ಅಲ್ಲಾಡುತ್ತದೆ, ಎಲ್ಲಿ ಬೈಕು ನಿಲ್ಲಿಸುತ್ತಾರೆ ಎಲ್ಲ ಈಗ ನನಗೆ ಬಾಯಿಪಾಠ.

ವಾರಕ್ಕೆ ನಾಲ್ಕು ದಿನ ಸರಿಯಾಗಿ ಆಯಿತು. ಮೇ ಕೊನೆಯ ವಾರ ಒಂದು ದಿನವೂ ಇಲ್ಲ, ತಿಂಗಳ ಕೊನೆಯ ಕ್ಲೋಸಿಂಗ್. ಮೊದಲಾದರೆ ಅಲ್ಲಿಗೆ ಬಿಟ್ಟೇ ಬಿಡುತ್ತಿದ್ದೆ. ಈ ಸಲ ಒಂದನೇ ತಾರೀಕಿನ ನಂತರ ಪುನಃ ಇಳಿದೆ. ಇಳಿಯುವ ಜಾಗ ಗೊತ್ತಿದ್ದರೆ ಕಾಲು ತಾನೇ ಇಳಿಯುತ್ತದೆ.

ಈಗ ಮಳೆ. ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಊರಿನಲ್ಲಿ ವಾಕಿಂಗ್ ಅಂತ ಹೇಳಿದ ಡಾಕ್ಟರು ಜೂನ್ ಬಗ್ಗೆ ಎಣಿಸಲಿಲ್ಲವೋ ಏನೋ. ರಸ್ತೆಯ ನೀರು ಮೊಣಕಾಲಿಗೆ ಹಾರುತ್ತದೆ. ಹೋದ ವಾರ ಅಂಗಳದ ಪಾಚಿಯಲ್ಲಿ ಜಾರಿ ತಪ್ಪಿಸಿಕೊಂಡೆ. ಮಳೆಗಾಲ ಮುಗಿಯುವವರೆಗೆ ಎಂತ ಮಾಡುವುದು?

ನೀರುದೋಸೆ | ಜೂನ್ 21, ರಾತ್ರಿ 10:25

ಅದೆಲ್ಲ ಇರಲಿ, ಪಲ್ಯ ಬಂತಾ ಅವರಿಗೆ?

ಕಿಟಕಿ ಸೀಟು | ಜೂನ್ 21, ರಾತ್ರಿ 10:28

ಅಲಸಂಡೆ ಪಲ್ಯ ಬಂತು. ಐದು ವಾರದಿಂದ ಅಲಸಂಡೆಯೇ.

ಹಳೇ ಕಂಡಕ್ಟರ್ | ಜೂನ್ 22, ಬೆಳಿಗ್ಗೆ 6:45

ಮಳೆಗೆ ನಮ್ಮಲ್ಲಿ ಮೂರು ಮಹಡಿಯ ಮೆಟ್ಟಿಲು ಉಂಟು. ಗಲ್ಲಾದಿಂದ ಎದ್ದು ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಹತ್ತುತ್ತೇನೆ. ಮೇಲಿನ ಗೋಡೌನಿಗೆ ಹುಡುಗನನ್ನು ಕಳಿಸುವ ಬದಲು ನಾನೇ ಹೋಗುತ್ತೇನೆ. ಹುಡುಗನಿಗೆ ಮೊದಲು ಸಂಶಯ, ಸ್ಟಾಕು ಚೆಕ್ ಮಾಡುತ್ತೇನೆ ಅಂತ. ಮಳೆಗೆ ರಬ್ಬರ್ ಚಪ್ಪಲಿ ಹಾಕಿ ನಡೆಯಬೇಡಿ ಅಕ್ಕ. ಸವೆದದ್ದಾದರೆ ಟೈಲ್ಸ್ ಮೇಲೆ ಎಣ್ಣೆ ಹಾಕಿದ ಹಾಗೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ತೆಗೆದುಕೊಳ್ಳಿ.

ಫಿಸಿಯೋ ಪರ್ಕಳ | ಜೂನ್ 22, ಮಧ್ಯಾಹ್ನ 2:00

ಆಫೀಸಿನ ಮೆಟ್ಟಿಲು ಮತ್ತು ಕುರ್ಚಿ, ಎರಡೇ ಸಾಕು. ಕುರ್ಚಿಯದ್ದು ಶುರು ಮಾಡಿದಿರಾ?

ಕಿಟಕಿ ಸೀಟು | ಜೂನ್ 22, ರಾತ್ರಿ 9:55

ಮಾಡಿದೆ, ಅದರದ್ದೊಂದು ಕತೆ. ರಾತ್ರಿ ಧಾರಾವಾಹಿಯ ಜಾಹೀರಾತು ಬಂದಾಗ ಊಟದ ಕುರ್ಚಿ ಎಳೆದು ಏಳುವುದು ಕೂರುವುದು ಮಾಡುತ್ತಿದ್ದೆ. ಅತ್ತೆಗೆ 74. ಎರಡು ದಿನ ಸುಮ್ನೆ ನೋಡಿದರು. ಮೂರನೇ ದಿನ "ಎಂತ ಅದು, ಹರಕೆಯಾ?" ಅಂತ ಕೇಳಿದರು. ಹೇಳಿದೆ. ನಾಲ್ಕನೇ ದಿನ ಅವರ ಕುರ್ಚಿಯೂ ಪಕ್ಕಕ್ಕೆ ಬಂತು, ಗೋಡೆಗೆ ತಾಗಿಸಿ. ಮೇಜಿನ ಅಂಚು ಹಿಡಿದುಕೊಂಡು ಏಳುತ್ತಾರೆ. "ಒಂಜಿ, ರಡ್ಡ್, ಮೂಜಿ" ಅಂತ ತುಳುವಿನಲ್ಲಿ ಎಣಿಕೆ ಅವರದ್ದೇ. ಆರರವರೆಗೆ ಆಗುತ್ತದೆ. ಆರಾದ ಮೇಲೆ ಕೂತು ನನ್ನದನ್ನು ಎಣಿಸುತ್ತಾರೆ. ಏಳರಲ್ಲಿ ನಿಲ್ಲಿಸಿದರೆ ಬಿಡುವುದಿಲ್ಲ. ಜಿಮ್ಮಿನಲ್ಲಿ ದುಡ್ಡು ತೆಗೆದುಕೊಂಡ ಹುಡುಗ ಒಮ್ಮೆಯೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ.

ಬೆಳಗಿನ ಕದ್ರಿ | ಜೂನ್ 23, ಬೆಳಿಗ್ಗೆ 8:10

ಮಳೆಗೆ ನನ್ನದೂ ನಿಂತಿತು. ನಾಲ್ಕು ವರ್ಷ ಒಂದು ದಿನ ತಪ್ಪಿಸಿಲ್ಲ ಅಂತ ಬರೆದಿದ್ದೆ, ಅದು ಸ್ವಲ್ಪ ಜಾಸ್ತಿ ಆಯಿತು. ಜೂನ್ ಜುಲೈ ಪ್ರತಿ ವರ್ಷ ಅರ್ಧಕ್ಕರ್ಧ ಹೋಗುತ್ತದೆ. ಈಗ ಬೆಳಿಗ್ಗೆ ಮನೆಯಲ್ಲೇ ಸೂರ್ಯ ನಮಸ್ಕಾರ. ಕೆಳಗೆ ಅಡುಗೆ ಮನೆಯಲ್ಲಿ ಅಮ್ಮ ಓಡಾಡುವ ಸದ್ದು ಕೇಳುತ್ತದೆ. ಪಾರ್ಕಿಗೆ ಹೋದಾಗ ಕೇಳುತ್ತಿರಲಿಲ್ಲ. ವಾರದಲ್ಲಿ ಎರಡು ದಿನ ತಿಂಡಿ ನನ್ನದು ಅಂತ ಹೇಳಿದ್ದೇನೆ. ಉಪ್ಪಿಟ್ಟು ಮುದ್ದೆ ಆಯಿತು.

ನೀರುದೋಸೆ | ಜೂನ್ 23, ಬೆಳಿಗ್ಗೆ 8:15

ರವೆ ಹುರಿಯಬೇಕು ಅಣ್ಣ.

ಬಂದರು | ಆಗಸ್ಟ್ 3, ಮಧ್ಯಾಹ್ನ 1:20

ಬೋಟು ಇಳಿಯಿತು. ಪರ್ಕಳದ ಫಿಸಿಯೋ ಅವರೇ, ನೀವು ಹೇಳಿದ ಹಾಗೆ ಒಬ್ಬರಿಗೆ ತೋರಿಸಿದೆ. ಐದು ವ್ಯಾಯಾಮ ಕೊಟ್ಟರು, ಮೂರು ಮಾಡುತ್ತೇನೆ. ಸೊಂಟ ಪರವಾಗಿಲ್ಲ. ಪೆಟ್ಟಿಗೆ ಬಲಗಡೆಗೂ ಹೊರಲಿಕ್ಕೆ ಅಭ್ಯಾಸ ಮಾಡುತ್ತಿದ್ದೇನೆ, ಸೀದಾ ನಡೆಯಲಿಕ್ಕೆ ಬರುವುದಿಲ್ಲ, ಜೊತೆಯವರು ನಗುತ್ತಾರೆ.

ಕಿಟಕಿ ಸೀಟು | ಆಗಸ್ಟ್ 17, ರಾತ್ರಿ 9:30

ಮೊನ್ನೆ ಪುನಃ ರಕ್ತ ಕೊಟ್ಟೆ. 112 ಇದ್ದದ್ದು 106. ತೂಕ ಇಳಿದದ್ದು ಬರೀ 800 ಗ್ರಾಂ, ಅದು ಹೇಳಲಿಕ್ಕೂ ನಾಚಿಕೆ. ಡಾಕ್ಟರು "ಹೀಗೇ ಹೋಗಲಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಜಗಲಿಯಲ್ಲಿ ಈಗಲೂ ಕೂರುತ್ತೇನೆ. ಐದು ನಿಮಿಷ. ಬುತ್ತಿಯ ಚೀಲ ಒಳಗೆ ಇಟ್ಟು ಬಂದು ಕೂರುತ್ತೇನೆ.

ಈಗ ಹೊಸ ತಲೆಬಿಸಿ. ಮುಂದಿನ ತಿಂಗಳು ನಮ್ಮ ಆಫೀಸು ಪಂಪ್‌ವೆಲ್ ಹತ್ತಿರಕ್ಕೆ ಹೋಗುತ್ತದೆ. ಮೂರು ತಿಂಗಳಲ್ಲಿ ಕಷ್ಟಪಟ್ಟು ಕಟ್ಟಿದ್ದು ಪಿವಿಎಸ್‌ನ ಲೆಕ್ಕದ ಮೇಲೆ. ಕಂಡಕ್ಟರಣ್ಣ, ಇನ್ನು ಎಲ್ಲಿ ಇಳಿಯುವುದು?

ಹಳೇ ಕಂಡಕ್ಟರ್ | ಆಗಸ್ಟ್ 18, ಬೆಳಿಗ್ಗೆ 6:40

ಕಂಕನಾಡಿಯಲ್ಲಿ ಇಳಿಯಿರಿ. ಅಲ್ಲಿಂದ ಪಂಪ್‌ವೆಲ್‌ಗೆ ಇಳಿಜಾರು, ಬೆಳಿಗ್ಗೆ ಬೆವರು ಕಡಿಮೆ. ಸಂಜೆ ಅದೇ ರಸ್ತೆ ಏರು. ಮಳೆ ಬಿಡುವವರೆಗೆ ಪಂಪ್‌ವೆಲ್ ಕೆಳಗಡೆ ನೀರು ನಿಂತರೆ ನಡೆಯಬೇಡಿ, ಗುಂಡಿ ಕಾಣುವುದಿಲ್ಲ.

ಕಿಟಕಿ ಸೀಟು | ಆಗಸ್ಟ್ 18, ಬೆಳಿಗ್ಗೆ 7:42

ಬಸ್ಸಿಗೆ ಹೊರಟೆ. ಸಂಜೆ ಕಂಕನಾಡಿಯಲ್ಲಿ ಹತ್ತಿದರೆ ಸೀಟು?

ಹಳೇ ಕಂಡಕ್ಟರ್ | ಆಗಸ್ಟ್ 18, ಬೆಳಿಗ್ಗೆ 7:44

ಆ ಆಸೆ ಬಿಡಿ ಅಕ್ಕ.